ಜಪಾನಿನ ಗದ್ದೆಯಲ್ಲಿ ನಮ್ಮ ಚರಗ

"ಸರ್, ಜಪಾನಿನಾಗ ನೀವು ಹಾವು ತಿಂದ್ರೇನ್ರಿ?"

ಎಂಟನೆಯ ತರಗತಿಯ ಒಬ್ಬ ಹುಡುಗ ಪ್ರತಿ ವರ್ಷ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ. ಹುಡುಗ ಬದಲಾಗುತ್ತಾನೆ, ಪ್ರಶ್ನೆ ಬದಲಾಗುವುದಿಲ್ಲ. ನಾನು ಅಲ್ಲಿಂದ ಮರಳಿ ಇಪ್ಪತ್ತು ವರ್ಷ ದಾಟಿದರೂ ಬಾಳೆಹೊಸೂರಿನಲ್ಲಿ ಇಂದಿಗೂ ನಾನು 'ಜಪಾನ್ ಮಾಸ್ತರ'ನೇ. ಹಾವನ್ನೂ ತಿನ್ನಲಿಲ್ಲ, ಮೀನನ್ನೂ ತಿನ್ನಲಿಲ್ಲ ಎಂದು ಹೇಳಿ ಪಾಠಕ್ಕೆ ತಿರುಗುವುದು ನನ್ನ ರೂಢಿ.

ಆದರೆ ಕಳೆದ ಎಳ್ಳಮಾವಾಸ್ಯೆಯ ಮರುದಿನ ನಾನೇ ಒಂದು ಪ್ರಶ್ನೆ ಕೇಳಿದೆ. "ನಿನ್ನೆ ಚರಗ ಚೆಲ್ಲಾಕ ಹೊಲಕ್ಕ ಹೋದವರು ಕೈ ಎತ್ತರಿ." 42 ಮಕ್ಕಳಲ್ಲಿ 9 ಕೈಗಳು ಮೇಲೆದ್ದವು. ಉಳಿದವರಲ್ಲಿ ಕೆಲವರಿಗೆ ಟ್ಯೂಷನ್ ಇತ್ತು, ಕೆಲವರಿಗೆ ಟಿವಿ ಇತ್ತು. ಒಬ್ಬ ಹುಡುಗಿ, "ನಮ್ಮಪ್ಪ ಹೊಲಾ ಲಾವಣಿ ಕೊಟ್ಟಾನ್ರಿ ಸರ್" ಎಂದು ತಲೆ ತಗ್ಗಿಸಿದಳು. ಆ ದಿನ ನಾನು ಹಾವಿನ ಪ್ರಶ್ನೆ ಬರುವ ಮೊದಲೇ ಜಪಾನಿನ ಕಥೆ ತೆಗೆದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಜಪಾನ್ ಸರ್ಕಾರವು ಹೊರದೇಶಗಳ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಕರಿಗೆ ಹದಿನೆಂಟು ತಿಂಗಳ ತರಬೇತಿಗಾಗಿ ವಿದ್ಯಾರ್ಥಿವೇತನ ಕೊಡುತ್ತದೆ. ಐದು ವರ್ಷ ಪಾಠ ಮಾಡಿರಬೇಕು, ವಯಸ್ಸು 35 ದಾಟಿರಬಾರದು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ನೋಡಿಬಂದರೆಂದು ಮಕ್ಕಳಿಗೆ ಹೇಳಿಕೊಂಡಿದ್ದ ನಾನು 2003ರ ಅಕ್ಟೋಬರದಲ್ಲಿ ಸ್ವತಃ ಅಲ್ಲಿಗೆ ಹೊರಟು ನಿಂತೆ. 2001ರಿಂದ ಕರ್ನಾಟಕಕ್ಕೆ ಸತತ ಮೂರು ವರ್ಷ ಬರ. ನಮ್ಮ ಹೊಲದಲ್ಲಿ ಶೇಂಗಾ ಬೀಜದ ದುಡ್ಡೂ ಹುಟ್ಟಿರಲಿಲ್ಲ. ಇಂಥ ಹೊತ್ತಿನಲ್ಲಿ ಹೋಗುವುದೇ ಬೇಡವೇ ಎಂದು ಅನುಮಾನಿಸುತ್ತಿದ್ದಾಗ ಅಪ್ಪ, "ನೀ ಇಲ್ಲಿ ಕುಂತ್ರ ಮಳಿ ಬರತೈತೇನು? ಹೋಗಿ ಬಾ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ.

ನಾನು ಸೇರಿದ್ದು ಹಿರೋಶಿಮಾ ವಿಶ್ವವಿದ್ಯಾಲಯ. ಅದರ ಮುಖ್ಯ ಆವರಣ ಈಗ ಹಿರೋಶಿಮಾ ನಗರದಲ್ಲಿಲ್ಲ. ಪೂರ್ವಕ್ಕೆ ರೈಲಿನಲ್ಲಿ ಮುಕ್ಕಾಲು ತಾಸಿನಷ್ಟು ದೂರದ ಹಿಗಾಶಿ-ಹಿರೋಶಿಮಾದ ಸೈಜೊ ಎಂಬಲ್ಲಿದೆ. ಸುತ್ತ ಗುಡ್ಡ, ನಡುವೆ ಭತ್ತದ ಗದ್ದೆ. ಮೊದಲ ಆರು ತಿಂಗಳು ಭಾಷೆ ಕಲಿಯುವುದರಲ್ಲೇ ಕಳೆಯಿತು. 2004ರ ಏಪ್ರಿಲ್ ಆರಂಭದಲ್ಲಿ ಶ್ರೀಮತಿಯೂ ಆರು ವರ್ಷದ ಮಗಳೂ ಬಂದು ಸೇರಿದರು.

ಅವರು ಬಂದ ವಾರವೇ ಸಕುರಾ ಹೂಗಳು ಉದುರತೊಡಗಿದ್ದವು. ವಿಶ್ವವಿದ್ಯಾಲಯದ ಪಕ್ಕದ ಕಗಾಮಿಯಾಮಾ ಉದ್ಯಾನಕ್ಕೆ ನಮ್ಮ ಮೊದಲ ಕುಟುಂಬ ಪ್ರವಾಸ. ಮರಗಳ ಕೆಳಗೆ ನೀಲಿ ತಾಡಪಾಲು ಹಾಸಿ, ಬುತ್ತಿ ಬಿಚ್ಚಿಕೊಂಡು ಊರಿಗೆ ಊರೇ ಕುಳಿತಿತ್ತು. ಇದಕ್ಕೆ 'ಹನಮಿ', ಅಂದರೆ ಹೂ ನೋಡುವುದು ಎಂದು ಹೆಸರು. ಹೆಚ್ಚಿನ ಕಡೆ ನೆಟ್ಟಿರುವ 'ಸೊಮೆಯ್ ಯೊಶಿನೊ' ತಳಿ ಬೀಜದಿಂದ ಹುಟ್ಟಿದ್ದಲ್ಲ; ಒಂದೇ ಮೂಲ ಮರದಿಂದ ಕಸಿ ಕಟ್ಟುತ್ತ ಬಂದದ್ದು. ಆನುವಂಶಿಕವಾಗಿ ಎಲ್ಲವೂ ಒಂದೇ ಮರ! ಆದ್ದರಿಂದಲೇ ಒಂದು ಊರಿನ ಮರಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಅರಳುತ್ತವೆ. ವಿದ್ಯಾರ್ಥಿಗಳಿಗೆ ಇಷ್ಟವಾಗುವ ಒಂದು ಲೆಕ್ಕವೂ ಇದೆ. ಫೆಬ್ರುವರಿ 1ರಿಂದ ಪ್ರತಿದಿನದ ಗರಿಷ್ಠ ಉಷ್ಣಾಂಶವನ್ನು ಕೂಡುತ್ತ ಹೋಗಿ, ಮೊತ್ತ 600 ಡಿಗ್ರಿಯ ಹತ್ತಿರ ಬಂದಾಗ ಹೂ ಬಿಡುತ್ತದೆ ಎಂಬ ಸ್ಥೂಲ ಸೂತ್ರ. ಕ್ಯೋಟೊ ನಗರದಲ್ಲಿ ಸಕುರಾ ತುಂಬಿ ಅರಳಿದ ದಿನದ ದಾಖಲೆ ಕ್ರಿ.ಶ. 812ರಿಂದ ಸಿಗುತ್ತದೆ. ಸಾವಿರದ ಇನ್ನೂರು ವರ್ಷಗಳ ಆ ದಾಖಲೆಯಲ್ಲಿ 2021ರ ಮಾರ್ಚ್ 26 ಅತ್ಯಂತ ಬೇಗ ಬಂದ ದಿನಗಳಲ್ಲೊಂದು. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ವಿಜ್ಞಾನಿಗಳು ಇದನ್ನೂ ಸಾಕ್ಷಿಯಾಗಿ ನೋಡುತ್ತಾರೆ. ಹೂ ನೋಡುತ್ತ ಊಟ ಮಾಡಿದವರು ತಾರೀಖು ಬರೆದಿಟ್ಟದ್ದರಿಂದ ಆದ ಲಾಭ ಇದು.

ಮಗಳನ್ನು ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯ ಒಂದನೆಯ ತರಗತಿಗೆ ಸೇರಿಸಿದೆವು. ಹಳದಿ ಟೊಪ್ಪಿಗೆ ಹಾಕಿಕೊಂಡು, ಓಣಿಯ ದೊಡ್ಡ ಮಕ್ಕಳ ಹಿಂದೆ ಸಾಲಾಗಿ ನಡೆದೇ ಶಾಲೆಗೆ ಹೋಗಬೇಕು. ತಂದೆತಾಯಿ ಬಿಟ್ಟುಬರುವ ಪದ್ಧತಿಯಿಲ್ಲ. ಮೊದಲ ದಿನ ನನ್ನಾಕೆ ಮರೆಯಲ್ಲಿ ನಿಂತು ಹಿಂಬಾಲಿಸಿದ್ದು ಮಗಳಿಗೆ ಗೊತ್ತಾಗಿ ದೊಡ್ಡ ರಂಪವಾಯಿತು.

ನಿಜವಾದ ತೊಡಕು ಎದುರಾದದ್ದು ಊಟದಲ್ಲಿ. ಅಲ್ಲಿ ಶಾಲೆಯ ಮಧ್ಯಾಹ್ನದ ಊಟವೂ ಒಂದು ಪಾಠ. ಬಿಳಿ ಏಪ್ರನ್ ಕಟ್ಟಿಕೊಂಡು ಮಕ್ಕಳೇ ಬಡಿಸುತ್ತಾರೆ, ಮಾಸ್ತರರೂ ಅದನ್ನೇ ಉಣ್ಣುತ್ತಾರೆ. ನಾವು ಮೀನು-ಮಾಂಸ ಮುಟ್ಟದವರು. ನೋಡಲು ಬರೀ ಕಾಯಿಪಲ್ಲೆಯ ಸಾರಿನಂತಿದ್ದರೂ ಅದರಡಿಯಲ್ಲಿ 'ದಾಶಿ' ಎಂಬ ಒಣಮೀನಿನ ರಸ ಇದ್ದೇ ಇರುತ್ತದೆ. ನನ್ನ ಹರಕು ಜಪಾನಿಯಲ್ಲಿ ಇದನ್ನು ವಿವರಿಸಲು ಅರ್ಧ ದಿನ ಹಿಡಿಯಿತು. ಕಡೆಗೆ ಮನೆಯಿಂದ ಬುತ್ತಿ ತರಲು ಒಪ್ಪಿದರು. ಚಪಾತಿ, ಬದನೆಕಾಯಿ ಪಲ್ಲೆ, ಶೇಂಗಾ ಹಿಂಡಿ ಹೋಗತೊಡಗಿದವು. ಆದರೆ ಮೂವತ್ತು ಮಕ್ಕಳು ಒಂದನ್ನೇ ಉಣ್ಣುವಾಗ ತಾನೊಬ್ಬಳೇ ಬೇರೆ ಡಬ್ಬಿ ತೆರೆಯುವ ಸಂಕಟ ಆರು ವರ್ಷದ ಕೂಸಿಗೆ ಕಡಿಮೆಯದಲ್ಲ. "ನಾ ಯಾಕ ಅವರಂಗ ಇಲ್ಲಪ್ಪಾ?" ಎಂದು ರಾತ್ರಿ ಕೇಳುತ್ತಿದ್ದಳು. ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬಡಿಸುವ ಪಾಳಿಯಲ್ಲಿ ಮಾತ್ರ ಅವಳ ಹೆಸರನ್ನು ಮಾಸ್ತರತಿ ಬಿಡಲಿಲ್ಲ. ಏಪ್ರನ್ ಕಟ್ಟಿಕೊಂಡ ವಾರವೆಲ್ಲ ಮಗಳು ಹಿಗ್ಗಿ ಬರುತ್ತಿದ್ದಳು.

ಮೇ ತಿಂಗಳಲ್ಲಿ ಒಂದನೆಯ ತರಗತಿಯ ಪ್ರತಿ ಮಗುವಿಗೂ ಒಂದು ಕುಂಡ ಮತ್ತು ಕೆಲವು ಬೀಜ. 'ಅಸಗಾವೊ' ಎಂದರೆ ಬೆಳಗಿನ ಮುಖ. ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುವ ಬಳ್ಳಿ ಹೂ. ಸಸ್ಯಶಾಸ್ತ್ರದ ಹೆಸರು ಐಪೋಮಿಯ ನಿಲ್. ಜಪಾನಿನ ಶಾಲೆ ಕಲಿತವರಲ್ಲಿ ಇದನ್ನು ಬೆಳೆಸದವರು ಸಿಗುವುದು ಅಪರೂಪ. ಮೊಳಕೆ ಬಂದ ದಿನ, ಬೀಜದೆಲೆಯ ಆಕಾರ, ಬಳ್ಳಿ ಯಾವ ಕಡೆಗೆ ಸುತ್ತುತ್ತದೆ, ಇವತ್ತು ಎಷ್ಟು ಹೂ — ಎಲ್ಲವನ್ನೂ ಬಿಡಿಸಿ ಬಣ್ಣ ತುಂಬಬೇಕು. ಬೇಸಿಗೆ ರಜೆಗೆ ಕುಂಡ ಮನೆಗೇ ಬರುತ್ತದೆ, ಜೊತೆಗೊಂದು ಚಿತ್ರ ದಿನಚರಿ. ಮೇಲೆ ಚಿತ್ರ, ಕೆಳಗೆ ಎರಡು ಸಾಲು. ನಾನು ಬಿ.ಎಸ್ಸಿ., ಬಿ.ಇಡಿ. ಮಾಡಿ, ದ್ವಿದಳ ಬೀಜದ ಚಿತ್ರವನ್ನು ಹಲಗೆಯ ಮೇಲೆ ನೂರು ಸಲ ಬರೆದವನು. ಒಂದು ಬೀಜ ಮಣ್ಣನ್ನು ಎತ್ತಿಕೊಂಡು ಮೇಲೆ ಬರುವುದನ್ನು ಮೂರು ದಿನ ಕೂತು ನೋಡಿದ್ದು ಅದೇ ಮೊದಲು. ಅದೂ ಮಗಳ ಮನೆಗೆಲಸವೆಂದು!

ಜೂನ್ ಬರುತ್ತಲೇ 'ತ್ಸುಯು' ಎಂಬ ಮಳೆಗಾಲ. ಹವಾಮಾನ ಇಲಾಖೆ ಇಂಥ ದಿನ ಶುರುವಾಯಿತು ಎಂದು ಸಾರುತ್ತದೆ. ದಿನಗಟ್ಟಲೆ ಜಿಟಿಜಿಟಿ, ಬೂಟಿನಲ್ಲೂ ಬೂಷ್ಟು. ಬೇಲಿಯಂಚಿಗೆ 'ಅಜಿಸಾಯ್' ಹೂಗೊಂಚಲು. ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ಹೀರಿಕೊಂಡು ನೀಲಿ, ಕ್ಷಾರೀಯ ಮಣ್ಣಿನಲ್ಲಿ ಗುಲಾಬಿ. ಲಿಟ್ಮಸ್ ಕಾಗದಕ್ಕೆ ತದ್ವಿರುದ್ಧವೆಂದು ಬೇಕಾದರೆ ನೆನಪಿಟ್ಟುಕೊಳ್ಳಬಹುದು. ಶಾಲೆಯ ಪ್ರವಾಸದ ಹಿಂದಿನ ರಾತ್ರಿ ಮಕ್ಕಳು ಬಿಳಿ ಬಟ್ಟೆಯಲ್ಲಿ ಒಂದು ಬೋಳುತಲೆಯ ಗೊಂಬೆ ಕಟ್ಟಿ ಕಿಟಕಿಗೆ ತೂಗುಹಾಕುತ್ತಾರೆ. ನಾಳೆ ಮಳೆ ಬಾರದಿರಲಿ ಎಂಬ ಹರಕೆ. ಮಗಳೂ ಕಟ್ಟಿದಳು. ನನ್ನಾಕೆಗೆ ಅದನ್ನು ನೋಡಲಾಗಲಿಲ್ಲ. "ನಾವು ಗುರ್ಜಿ ಹೊತ್ತು ಮಳಿ ಕರದವರು. ಇದೇನ್ರಿ, ಬರೋ ಮಳಿನ್ನ ಬ್ಯಾಡ ಅನ್ನೂದು?" ಎಂದಳು. ಹಂಚಿನ ಮೇಲೆ ಸೆಗಣಿಯ ಗುರ್ಜಿಯನ್ನು ಹೊತ್ತು ಮನೆಮನೆ ತಿರುಗಿ, ನೀರು ಸುರಿಸಿಕೊಂಡು ಬೆಳೆದವಳು ಅವಳು. ವರ್ಷಕ್ಕೆ 1500 ಮಿ.ಮೀ. ಮೀರಿ ಮಳೆಯಾಗುವ ಸೀಮೆಗೂ 600 ಮಿ.ಮೀ. ಬಂದರೆ ಹಬ್ಬ ಮಾಡುವ ನಮ್ಮ ಗದಗ ಸೀಮೆಗೂ ಇರುವ ಅಂತರ ಆ ಕಿಟಕಿಯಲ್ಲಿ ತೂಗುತ್ತಿತ್ತು.

ಜುಲೈ 7 'ತನಬತ', ನಕ್ಷತ್ರಗಳ ಹಬ್ಬ. ಆಕಾಶಗಂಗೆಯ ಆಚೀಚೆ ಇರುವ ಇಬ್ಬರು ಪ್ರೇಮಿಗಳು ವರ್ಷಕ್ಕೊಮ್ಮೆ ಕೂಡುವ ರಾತ್ರಿ ಎಂಬ ಕಥೆ. ಆ ಇಬ್ಬರು ನಮಗೂ ಪರಿಚಿತರೇ. ಅವಳು ನಮ್ಮ ಅಭಿಜಿತ್, ಅವನು ಶ್ರವಣ. ಒಂದು ನಮ್ಮಿಂದ 25 ಜ್ಯೋತಿರ್ವರ್ಷ, ಇನ್ನೊಂದು 17. ಅವುಗಳ ನಡುವೆಯೇ ಸುಮಾರು 15 ಜ್ಯೋತಿರ್ವರ್ಷಗಳ ಅಂತರ. ಬೆಳಕೇ ಹದಿನೈದು ವರ್ಷ ನಡೆಯಬೇಕಾದ ದಾರಿಯನ್ನು ಒಂದು ರಾತ್ರಿಯಲ್ಲಿ ದಾಟುವುದು ಪ್ರೇಮಿಗಳಿಗಷ್ಟೇ ಸಾಧ್ಯ. ಈ ಹಬ್ಬ ಮೊದಲು ಚಾಂದ್ರಮಾನದ ಏಳನೆಯ ತಿಂಗಳಿನದು, ಅಂದರೆ ಮಳೆ ಹಿಂದೆ ಸರಿದ ಮೇಲಿನದು. 1873ರಲ್ಲಿ ಜಪಾನ್ ಇಂಗ್ಲಿಷ್ ಕ್ಯಾಲೆಂಡರಿಗೆ ಬದಲಾದಾಗ ಬಹಳ ಕಡೆ ಹಬ್ಬ ಜುಲೈ 7ಕ್ಕೆ ಬಂದು, ನೇರವಾಗಿ ಮೋಡದ ನಡುವೆ ಬಿತ್ತು. ಹಾಗಾಗಿ ಆ ದಿನ ಎಲ್ಲರದೂ ಒಂದೇ ಬೇಡಿಕೆ: ಇವತ್ತು ಮಳೆ ಬೇಡ.

ಮಕ್ಕಳು ಬಣ್ಣದ ಕಾಗದದ ಪಟ್ಟಿಯಲ್ಲಿ ತಮ್ಮ ಆಸೆಯನ್ನು ಬರೆದು ಬಿದಿರಿನ ಕೊಂಬೆಗೆ ಕಟ್ಟುತ್ತಾರೆ. ಅದರ ಹಿಂದಿನ ಭಾನುವಾರ ನಾವು ಫೋನ್ ಕಾರ್ಡ್ ಹಾಕಿ ಊರಿಗೆ ಮಾತಾಡಿದ್ದೆವು. "ಹೆಸರು ಬಿತ್ತೀನಿ. ಮುಗಲಾಗ ಏನೂ ಇಲ್ಲ" ಎಂದಿದ್ದ ಅಪ್ಪ. ಮಗಳು ಅದನ್ನು ಕೇಳಿಸಿಕೊಂಡಿದ್ದಳೆಂದು ನಮಗೆ ಗೊತ್ತೇ ಇರಲಿಲ್ಲ. ಶಾಲೆಯಲ್ಲಿ ಅವಳು ಬರೆದದ್ದು, 'ಅಜ್ಜನಿಗೆ ಅಮೆ ಸಿಗಲಿ' ಎಂದು. ಜಪಾನಿಯಲ್ಲಿ 'ಅಮೆ' ಎಂದರೆ ಮಳೆ. ಸಕ್ಕರೆ ಮಿಠಾಯಿಗೂ 'ಅಮೆ' ಎಂದೇ ಹೆಸರು. ಚಿತ್ರಲಿಪಿಯಲ್ಲಾದರೆ ಎರಡಕ್ಕೂ ಬೇರೆ ಬೇರೆ ಅಕ್ಷರ; ಒಂದನೆಯ ತರಗತಿಯ ಮಕ್ಕಳು ಬರೆಯುವ ಸರಳ ಲಿಪಿಯಲ್ಲಿ ಎರಡೂ ಒಂದೇ. ಮಳೆ ಬೇಡವೆಂದು ಬೇಡುವ ದಿನ ಮಳೆ ಕೇಳುವವರು ಯಾರು? ಎಲ್ಲರೂ ಮಿಠಾಯಿ ಎಂದೇ ತಿಳಿದರು. ಮೂರನೆಯ ದಿನ ಗೆಳತಿಯೊಬ್ಬಳ ತಾಯಿ ನಮ್ಮ ಬಾಗಿಲಿಗೆ ಬಂದು, "ಭಾರತದ ಅಜ್ಜನಿಗೆ" ಎಂದು ಬಾಗಿ ನಮಸ್ಕರಿಸಿ ಒಂದು ಪೊಟ್ಟಣ ಕೊಟ್ಟಳು. 'ಕೊನ್‌ಪೆಯ್ತೊ' ಎಂಬ, ಚಿಕ್ಕೆಯಾಕಾರದ ಸಕ್ಕರೆ ಹರಳುಗಳು. ಮಗಳು ಬಿಕ್ಕಿ ಬಿಕ್ಕಿ ಅತ್ತಾಗಲೇ ನಮಗೆ ವಿಷಯ ತಿಳಿದದ್ದು. ಆ ತಾಯಿಗೆ ನಾನು ತಿದ್ದಿ ಹೇಳಲಿಲ್ಲ. ಹೇಳಬೇಕಿತ್ತೇನೋ.

ಬೇಸಿಗೆ ರಜೆಯಲ್ಲಿ ಬೆಳಿಗ್ಗೆ 6.30ಕ್ಕೆ ಓಣಿಯ ಮಕ್ಕಳೆಲ್ಲ ಸೇರಿ ರೇಡಿಯೋ ಹಾಡಿಗೆ ಕವಾಯತು ಮಾಡುತ್ತಾರೆ. 1928ರಲ್ಲಿ ಶುರುವಾದ ಪದ್ಧತಿ. ಬಂದವರ ಚೀಟಿಗೆ ದಿನಕ್ಕೊಂದು ಮುದ್ರೆ. ರಜೆಯಲ್ಲೂ ಮಕ್ಕಳನ್ನು ಎಬ್ಬಿಸುವ ಈ ಉಪಾಯವನ್ನು ಪಾಲಕರು ಗಮನಿಸಬಹುದು!

ಆಗಸ್ಟ್ 6ರಂದು ಹಿರೋಶಿಮಾ ನಗರಕ್ಕೆ ಹೋದೆವು. ಬೆಳಗಿನ 8.15, ಬಾಂಬು ಬಿದ್ದ ಗಳಿಗೆ. ಸಾವಿರಾರು ಜನ ಒಂದು ನಿಮಿಷ ಉಸಿರು ಬಿಗಿಹಿಡಿದು ನಿಂತರು. ಕೇಳಿದ್ದು ಗಂಟೆ ಮತ್ತು ಮರದ ಜೀರುಂಡೆಗಳ ದನಿ ಮಾತ್ರ. ಮಗಳ ಶಾಲೆಯವರು ಮಡಚಿದ ಕಾಗದದ ಕೊಕ್ಕರೆಗಳ ಮಾಲೆಯನ್ನು ಮಕ್ಕಳ ಸ್ಮಾರಕಕ್ಕೆ ತಂದಿದ್ದರು. ಬಾಂಬು ಬಿದ್ದಾಗ ಎರಡು ವರ್ಷದವಳಾಗಿದ್ದು, 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಸದಾಕೊ ಸಸಾಕಿಯ ನೆನಪಿಗೆ ಕಟ್ಟಿದ ಸ್ಮಾರಕವದು. ಪರಮಾಣು ವಿದಳನದ ಸಮೀಕರಣವನ್ನು ನಾನು ಎಷ್ಟೋ ವರ್ಷ ಹಲಗೆಯ ಮೇಲೆ ಬರೆದಿದ್ದೆ. ಈಗ ಬರೆಯುವಾಗ ಕೈ ಸ್ವಲ್ಪ ನಿಧಾನವಾಗುತ್ತದೆ. ಅಲ್ಲಿ ನನ್ನಾಕೆ ತೋರಿಸಿದ್ದು ಬೇರೆಯದೇ ಒಂದನ್ನು. "ನೋಡ್ರಿ, ಕಣಗಲ ಹೂ!" ಹೌದು, ನಮ್ಮ ಗುಡಿಯ ಹಿತ್ತಲಿನ ಕಣಗಿಲೆ. ಸುಟ್ಟ ನೆಲದಲ್ಲಿ ಮೊದಮೊದಲು ಅರಳಿದ್ದು ಅದೇ ಎಂಬ ಕಾರಣಕ್ಕೆ ಅದು ಹಿರೋಶಿಮಾ ನಗರದ ಅಧಿಕೃತ ಹೂವು. ಸಂಜೆ ಮೊತೊಯಾಸು ನದಿಯಲ್ಲಿ ದೀಪದ ಕಾಗದದ ಬುಟ್ಟಿಗಳನ್ನು ತೇಲಿಬಿಟ್ಟರು. ನಾವೂ ಒಂದು ಬಿಟ್ಟೆವು.

ಸೆಪ್ಟೆಂಬರ್ 7ಕ್ಕೆ 18ನೆಯ ನಂಬರಿನ ಚಂಡಮಾರುತ. ಅಲ್ಲಿ ಚಂಡಮಾರುತಗಳನ್ನು ನಂಬರಿನಿಂದ ಕರೆಯುತ್ತಾರೆ, ಆ ವರ್ಷ ಹತ್ತು ನೆಲಕ್ಕೆ ಅಪ್ಪಳಿಸಿದವು. ಮಿಯಾಜಿಮಾ ದ್ವೀಪದ ಸಮುದ್ರದ ಮೇಲಿನ ಪ್ರಸಿದ್ಧ ದೇವಾಲಯವೂ ಅಂದು ಜಖಂಗೊಂಡಿತು. ನಾವು ಮೂವರೂ ಹಾಸಿಗೆ ಹೊದ್ದು ಸ್ನಾನದ ಮನೆಯಲ್ಲಿ ಕುಳಿತಿದ್ದೆವು. ಒಳಗಿಟ್ಟಿದ್ದ ಅಸಗಾವೊ ಕುಂಡವೂ ನಮ್ಮ ಜೊತೆಗೇ!

ಅದೇ ತಿಂಗಳು 23ಕ್ಕೆ ರಜೆ. ಯಾವ ದೇವರ ಹಬ್ಬವೂ ಅಲ್ಲ, ಶರದ್ ವಿಷುವ. ಸೂರ್ಯ ವಿಷುವದ್ವೃತ್ತ ದಾಟುವ ದಿನ. ಜಪಾನಿನಲ್ಲಿ ವಸಂತ ಮತ್ತು ಶರದ್ ವಿಷುವಗಳೆರಡೂ ರಾಷ್ಟ್ರೀಯ ರಜೆಗಳು. ಖಗೋಳ ವೀಕ್ಷಣಾಲಯ ಲೆಕ್ಕ ಹಾಕಿ, ಮುಂದಿನ ವರ್ಷ ಅವು ಯಾವ ತಾರೀಖಿಗೆ ಬೀಳುತ್ತವೆಂದು ಹಿಂದಿನ ಫೆಬ್ರುವರಿಯಲ್ಲಿ ಪ್ರಕಟಿಸುತ್ತದೆ. ವಿಜ್ಞಾನದ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ? ಆ ದಿನಗಳಲ್ಲಿ ಜನ ಹಿರಿಯರ ಸಮಾಧಿಗೆ ಹೋಗುತ್ತಾರೆ. ಗದ್ದೆಯ ಬದುವಿನುದ್ದಕ್ಕೂ ಕೆಂಪು 'ಹಿಗನ್‌ಬನ' ಹೂ, ಕ್ಯಾಲೆಂಡರ್ ನೋಡಿಕೊಂಡು ಬಂದಂತೆ. ಐದು ದಿನ ಕಳೆದು 28ರ ರಾತ್ರಿ ಹುಣ್ಣಿಮೆ. ಅಕ್ಕಿ ಉಂಡೆಯಿಟ್ಟು ಚಂದ್ರನನ್ನು ನೋಡುವ ಹಬ್ಬ. ಅವರ ಚಂದ್ರನಲ್ಲೂ ಮೊಲವಿದೆ, ಆದರೆ ಅದು ಒರಳಿನಲ್ಲಿ ಅಕ್ಕಿ ಕುಟ್ಟುತ್ತದೆ. ಅದೇ ರಾತ್ರಿ ನಮ್ಮೂರಲ್ಲಿ ಜೋಕುಮಾರನ ಹುಣ್ಣಿಮೆ. ಮಗಳ ದಿನಚರಿಯಲ್ಲಿ ಆ ದಿನದ ಚಿತ್ರ: ದೊಡ್ಡ ಚಂದ್ರ, ಕೆಳಗೆ ಒಂದು ಕಡೆ ನಾವು, ಇನ್ನೊಂದು ಕಡೆ ಪಟಗ ಸುತ್ತಿದ ಅಜ್ಜ.

ಆ ವರ್ಷವೂ ಅಪ್ಪನ ಹೆಸರು ಒಣಗಿತು. ಹಿಂಗಾರಿಗೆ ಹೇಗೋ ನಾಕು ಚೀಲ ಜೋಳದ ಆಸೆ ಎಂದು ತಮ್ಮ ಬರೆದ.

2005ರ ಜನವರಿ 10ಕ್ಕೆ ಎಳ್ಳಮಾವಾಸ್ಯೆ ಬಂತು. ಸೋಮವಾರ, ಯೋಗಾಯೋಗವೆಂದರೆ ಅಲ್ಲಿ ಅಂದು ಸರ್ಕಾರಿ ರಜೆ, ಹೊಸದಾಗಿ ಪ್ರಾಯಕ್ಕೆ ಬಂದವರ ದಿನ. "ಚರಗ ಚೆಲ್ಲದ ವರ್ಷ ಇಲ್ಲ" ಎಂದು ನನ್ನಾಕೆ ಹಟ ಹಿಡಿದಳು. ಸಜ್ಜೆಯಿಲ್ಲ, ಗೋದಿ ಹಿಟ್ಟಿನಲ್ಲೇ ಎಳ್ಳು ಹಚ್ಚಿದ ರೊಟ್ಟಿ. ಎಳ್ಳಿಗೆ ಜಪಾನಿನಲ್ಲಿ ಬರವಿಲ್ಲ. ಪುಂಡಿಪಲ್ಲೆಯ ಜಾಗಕ್ಕೆ ಪಾಲಕ. ಶೇಂಗಾ ಹೋಳಿಗೆ, ಕಡುಬು, ಬದನೆಕಾಯಿ. ಬುತ್ತಿ ಕಟ್ಟಿಕೊಂಡು ಮನೆಯ ಹಿಂದಿನ ಗದ್ದೆಗೆ ಹೋದೆವು. ಭತ್ತದ ಕೂಳೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಐದು ಕಲ್ಲು ಆರಿಸಿ ಪಾಂಡವರೆಂದು ಇಟ್ಟು, ಪೂಜಿಸಿ, ಬನ್ನಿಗಿಡವಿಲ್ಲದ್ದಕ್ಕೆ ದಿಕ್ಕಿಗೆ ಕೈಮುಗಿದು, ನಾನು ಗದ್ದೆಯ ಸುತ್ತ ಚರಗ ಚೆಲ್ಲಲು ಹೊರಟೆ.

ಅಷ್ಟರಲ್ಲಿ ಎಪ್ಪತ್ತು ದಾಟಿದ ಒಬ್ಬ ರೈತ ಬದುವಿನ ಮೇಲೆ ಬಂದು ನಿಂತ. ಪರರ ಹೊಲದಲ್ಲಿ ಕೇಳದೆ ಕಾಲಿಟ್ಟಿದ್ದೆವು. ನನ್ನ ಎದೆ ಧಸಕ್ಕೆಂದಿತು. ತಿಳಿದಷ್ಟು ಭಾಷೆಯಲ್ಲಿ ಹೇಳಿದೆ: ನನ್ನ ಅಪ್ಪನೂ ರೈತ, ಇವತ್ತು ನಮ್ಮಲ್ಲಿ ಭೂಮಿತಾಯಿಗೆ ಉಣಿಸುವ ದಿನ, ನಮ್ಮ ಹೊಲ ಬಹಳ ದೂರ. ಆತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಟೊಪ್ಪಿಗೆ ತೆಗೆದು ಐದು ಕಲ್ಲುಗಳಿಗೆ ನಡು ಬಗ್ಗಿಸಿ ನಮಸ್ಕರಿಸಿದ. ಅವರಲ್ಲೂ ವಸಂತದಲ್ಲಿ ಬೆಟ್ಟದ ದೇವರು ಇಳಿದು ಬಂದು ಗದ್ದೆಯ ದೇವರಾಗುತ್ತಾನಂತೆ, ಸುಗ್ಗಿ ಮುಗಿದ ಮೇಲೆ ಬೆಟ್ಟಕ್ಕೆ ಮರಳುತ್ತಾನಂತೆ. "ಈಗ ಆತ ಮೇಲೆ ಮಲಗಿದ್ದಾನೆ, ನೀವು ಎಬ್ಬಿಸಿಬಿಟ್ಟಿರಿ" ಎಂದು ನಕ್ಕ. ನಮ್ಮ ಜೊತೆ ಕುಳಿತು ಹೋಳಿಗೆ ತಿಂದ. ಬದನೆಕಾಯಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಮೊಮ್ಮಗ ಟೋಕಿಯೊದಲ್ಲಿದ್ದಾನೆ, ನಾಟಿಗೆ ಬರುವುದಿಲ್ಲ ಎಂದ. ಎದ್ದು ಹೋಗುವಾಗ ಮಗಳ ಕೈಗೆ ಎರಡು ಒಣಗಿಸಿದ ಪರ್ಸಿಮನ್ ಹಣ್ಣು ಕೊಟ್ಟ.

ಫೆಬ್ರುವರಿ 3ಕ್ಕೆ ದೆವ್ವ ಓಡಿಸಲು ಹುರಿದ ಸೋಯಾ ಕಾಳು ಎರಚುವ ಹಬ್ಬ. ವಯಸ್ಸಿನಷ್ಟು ಕಾಳು ತಿನ್ನಬೇಕು. ನನ್ನವು 34 ಎಂದು ಮಗಳು ಎಣಿಸಿ ಕೊಟ್ಟಳು. ಈಗಾದರೆ ಹಲ್ಲು ಒಪ್ಪಲಿಕ್ಕಿಲ್ಲ.

ಮಾರ್ಚಿನಲ್ಲಿ ಹೊರಡುವಾಗ ಸಕುರಾ ಮೊಗ್ಗು ಇನ್ನೂ ಬಿಗಿಯಾಗಿಯೇ ಇತ್ತು. ಮಕ್ಕಳು ತಾವು ಬೆಳೆದ ಅಸಗಾವೊ ಬೀಜಗಳನ್ನು ಲಕೋಟೆಯಲ್ಲಿ ಹಾಕಿ, ಹೆಸರು ಬರೆದು, ಮುಂದಿನ ಒಂದನೆಯ ತರಗತಿಯವರಿಗೆ ಬಿಟ್ಟುಹೋಗುತ್ತಾರೆ. ಮಗಳೂ ಬಿಟ್ಟಳು. ಹತ್ತು ಬೀಜ ಊರಿಗೆ ಒಯ್ಯೋಣವೆಂದು ತಾಯಿ-ಮಗಳು ಕೂಡಿ ಗಂಟುಬಿದ್ದರು. ಪರವಾನಿಗೆಯಿಲ್ಲದೆ ಬೀಜ ತರುವುದು ಸಸ್ಯ ಸಂಪರ್ಕನಿಷೇಧದ ಕಾಯಿದೆಗೆ ವಿರುದ್ಧ ಎಂದು ನಾನು ಒಪ್ಪಲಿಲ್ಲ. ಒಸಾಕಾದಿಂದ ಮುಂಬೈವರೆಗೆ ಇಬ್ಬರೂ ನನ್ನೊಡನೆ ಮಾತಾಡಲಿಲ್ಲ.

ಮಿಠಾಯಿ ಪೊಟ್ಟಣ ಮಾತ್ರ ಬಂತು. ಮೊಮ್ಮಗಳು ಕಥೆಯೆಲ್ಲ ಹೇಳಿ ಅಜ್ಜನ ಕೈಗಿಟ್ಟಳು. ಅಪ್ಪ ಅದನ್ನು ತಿನ್ನದೆ ಗ್ವಾಡಿಯ ಮಾಡದಲ್ಲಿ ಇಟ್ಟ. "ಮಳಿ ಕೇಳಿ ತಂದದ್ದು. ಮಳಿ ಬಂದ ದಿನ ತಿಂದ್ರಾತು." 2005ರ ಮುಂಗಾರು ಕೈಹಿಡಿಯಿತು. ಹೊಲದ ಒಡ್ಡು ತುಂಬಿದ ಸಂಜೆ, ಒದ್ದೆ ಕಂಬಳಿಯಲ್ಲೇ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಚಿಕ್ಕೆ ಬಾಯಿಗೆ ಹಾಕಿಕೊಂಡ. "ಬರೇ ಸಕ್ಕರಿ ಐತಲ್ಲೋ!" ಎಂದ.

ಜಪಾನಿನಲ್ಲೂ ಎಲ್ಲ ಹಾಗೆಯೇ ಉಳಿದಿಲ್ಲ. ಹವಾಮಾನ ಇಲಾಖೆ 57 ಬಗೆಯ ಗಿಡ-ಪ್ರಾಣಿಗಳ ಋತು ದಾಖಲೆ ಇಡುತ್ತಿತ್ತು. 2021ರಿಂದ ಅದು 6 ಗಿಡಗಳಿಗೆ ಇಳಿದಿದೆ. ಮೊದಲ ಕೋಗಿಲೆ, ಮೊದಲ ಜೀರುಂಡೆ ನಗರಗಳ ಸುತ್ತ ಸಿಗುವುದೇ ಕಷ್ಟವಾಗಿತ್ತು.

ನಮ್ಮ ಶಾಲೆಯಲ್ಲಿ ನಾನು ಹಲವು ವರ್ಷಗಳಿಂದ ಎಂಟನೆಯವರಿಗೆ ತಲಾ ನಾಲ್ಕು ಅವರೆ ಬೀಜ ಕೊಡುತ್ತ ಬಂದಿದ್ದೇನೆ. ಒಡೆದ ಕೊಡ, ಡಾಂಬರಿನ ಡಬ್ಬಿ, ಯಾವುದಾದರೂ ಆದೀತು. ಬೆಳೆದು, ಬರೆದು, ಬೀಜ ಹಿಡಿದು ಮುಂದಿನ ವರ್ಷದವರಿಗೆ ಲಕೋಟೆ ಬಿಡಬೇಕು. ಅರ್ಧದಷ್ಟು ಆಡಿನ ಪಾಲಾಗುತ್ತವೆ. "ಪರೀಕ್ಷೆಗೆ ಇದಕ್ಕ ಎಷ್ಟು ಮಾರ್ಕ್ಸ್ ಅದಾವ್ರಿ?" ಎಂದು ಕೇಳಿಕೊಂಡು ಬಂದ ಪಾಲಕರೂ ಇದ್ದಾರೆ. ಇಲ್ಲ ಎಂದೆ. ಅವರ ಮಗನ ಬಳ್ಳಿಯೇ ಆ ವರ್ಷ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು.

ಬರುವ ಎಳ್ಳಮಾವಾಸ್ಯೆಗೆ ಇಡೀ ತರಗತಿಯನ್ನು ನಮ್ಮ ಹೊಲಕ್ಕೆ ಕರೆದಿದ್ದೇನೆ. ಹೊಲ ಲಾವಣಿಗೆ ಕೊಟ್ಟ ಮನೆಯ ಹುಡುಗಿ, "ರೊಟ್ಟಿ ನಾ ತರ್ತೀನ್ರಿ ಸರ್" ಎಂದು ಮೊದಲು ಕೈ ಎತ್ತಿದಳು. ಹಾವಿನ ಪ್ರಶ್ನೆಯ ಹುಡುಗ ಸ್ವಲ್ಪ ಯೋಚಿಸಿ ಕೇಳಿದ: "ಆ ಚಿಕ್ಕಿ ಪೆಪ್ಪರಮೆಂಟ ಇನ್ನೂ ಉಳದಾವೇನ್ರಿ?"